ಚಳಿ ಬಾರದ ವರ್ಷದ ನುಸಿ

ಮೊದಲಿಗೆ ನನ್ನ ಎಣಿಕೆಯೇ ತಪ್ಪಿರಬೇಕು ಅಂದುಕೊಂಡೆ. ತಟ್ಟೆಯನ್ನು ಮತ್ತೆ ದೀಪದ ಕೆಳಗೆ ಎಳೆದುಕೊಂಡು, ಕುಂಚದ ತುದಿಯಿಂದ ನುಸಿಗಳನ್ನು ಹತ್ತು ಹತ್ತರ ಗುಂಪು ಮಾಡಿ, ಮೊದಲಿನಿಂದ ಎಣಿಸಿದೆ. ಮುನ್ನೂರ ನಲವತ್ತೊಂದು. ಮೊದಲ ಸಲ ಎಣಿಸಿದಾಗ ಬಂದದ್ದು ಮುನ್ನೂರ ಮೂವತ್ತೆಂಟು. ತಪ್ಪಿದ್ದರೂ ಅದು ಮೂರೇ ನುಸಿಯ ತಪ್ಪು.

ಡಿಸೆಂಬರ್ ಎರಡನೇ ವಾರ ಅದು. ಆ ಹೊತ್ತಿಗೆ ತಟ್ಟೆಯಲ್ಲಿ ಇಪ್ಪತ್ತೋ ಮೂವತ್ತೋ ಇರಬೇಕಿತ್ತು.

ನಾನು ಪಶುವೈದ್ಯೆ. ದಾವಣಗೆರೆಯ ಒಂದು ಪ್ರಯೋಗಾಲಯದಲ್ಲಿ ಕೆಲಸ. ಆ ವರ್ಷ ನನಗೆ ಒಪ್ಪಿಸಿದ್ದ ಕೆಲಸ ಕೇಳಲು ಸರಳವಾಗಿತ್ತು: ವಾರಕ್ಕೊಮ್ಮೆ ಎರಡು ಕಡೆ ಬಲೆ ಕಟ್ಟುವುದು, ಬಿದ್ದ ನುಸಿಗಳನ್ನು ಎಣಿಸುವುದು, ಆ ವಾರದ ಮಳೆ ಮತ್ತು ಉಷ್ಣಾಂಶದ ಪಕ್ಕ ಬರೆದಿಡುವುದು. ಸೊಳ್ಳೆಯ ಕಾಲು ಭಾಗವೂ ಇರದ, ರೆಕ್ಕೆಯ ಮೇಲೆ ಬೂದು ಚುಕ್ಕೆಗಳಿರುವ ಈ ನುಸಿ ಕುರಿಗಳ ನೀಲಿ ನಾಲಿಗೆ ರೋಗದ ವೈರಸ್ಸನ್ನು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ದಾಟಿಸುತ್ತದೆ. ಹಸಿ ಕೆಸರಿನಲ್ಲಿ, ಸಗಣಿ ಬೆರೆತ ಮಣ್ಣಿನಲ್ಲಿ ಹುಟ್ಟುತ್ತದೆ. ಮಳೆಗಾಲ ಮುಗಿಯುವಾಗ ಹೆಚ್ಚುತ್ತದೆ, ಚಳಿ ಬಿದ್ದಾಗ ಇಳಿಯುತ್ತದೆ. ಅದು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂದು ನಾವು ಹೇಳಿದರೆ ಕುರಿಗಾರರು ಮುಂಚೆಯೇ ಎಚ್ಚರವಾಗಬಹುದು ಎಂಬುದು ಯೋಜನೆ.

ಒಂದು ಬಲೆ ಮಲೆಬೆನ್ನೂರಿನ ಹತ್ತಿರದ ಹಳ್ಳಿಯಲ್ಲಿ, ಭದ್ರಾ ನಾಲೆಯ ನೀರು ಹರಿಯುವ ಭತ್ತದ ಗದ್ದೆಗಳ ನಡುವೆ, ಒಬ್ಬ ರೈತರ ಕೊಟ್ಟಿಗೆಯಲ್ಲಿತ್ತು. ಇನ್ನೊಂದು ಹರಿಹರದ ಆಚೆ, ನಾಲೆಯ ನೀರು ಮುಟ್ಟದ ಬೀಳು ಭೂಮಿಯಲ್ಲಿ. ಬಲೆ ಅಂದರೆ ದೊಡ್ಡದೇನಲ್ಲ. ನೇರಳೆ ಬೆಳಕಿನ ಒಂದು ಸಣ್ಣ ಟ್ಯೂಬು, ಅದರ ಕೆಳಗೆ ಗಾಳಿಯನ್ನು ಕೆಳಕ್ಕೆ ಎಳೆಯುವ ಫ್ಯಾನು, ಅದರ ಕೆಳಗೆ ಸೋಪಿನ ನೀರು ಹಾಕಿದ ಡಬ್ಬಿ, ಇಷ್ಟನ್ನೂ ನಡೆಸಲು ಒಂದು ಬ್ಯಾಟರಿ. ಸೂರ್ಯ ಮುಳುಗುವ ಮೊದಲು ಆಳೆತ್ತರಕ್ಕೆ ಕಟ್ಟಿ ಬಂದರೆ ಬೆಳಗ್ಗೆ ಡಬ್ಬಿ ಬಿಚ್ಚಿ ತರುವುದು. ಬೆಳಕಿಗೆ ಬಂದ ನುಸಿ ಗಾಳಿಯ ಸೆಳೆತಕ್ಕೆ ಸಿಕ್ಕಿ ನೀರಿಗೆ ಬೀಳುತ್ತದೆ.

ನನ್ನ ಜೊತೆ ಬಲೆ ಕಟ್ಟಲು ಬರುತ್ತಿದ್ದವರು ನಮ್ಮ ಲ್ಯಾಬ್ ಅಸಿಸ್ಟೆಂಟ್. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ನಿವೃತ್ತಿ ಹತ್ತಿರದಲ್ಲಿತ್ತು. ನಾನು ಎರಡನೇ ಸಲ ಎಣಿಸುತ್ತಿರುವುದನ್ನು ನೋಡಿ ಹತ್ತಿರ ಬಂದರು.

"ಎಷ್ಟ್ ಬಂತ್ರಿ ಮೇಡಂ?"

"ಮುನ್ನೂರ ನಲವತ್ತು. ಹೋದ ವಾರಕ್ಕಿಂತ ಜಾಸ್ತಿ."

"ಚಳಿ ಎಲ್ಲೈತ್ರಿ ಅವು ಸಾಯಾಕೆ? ವಿನೋಬನಗರದಾಗೆ ನಾವಿನ್ನೂ ಫ್ಯಾನ್ ಹಾಕ್ಕೊಂಡೇ ಮಲಗ್ತೀವಿ."

ಅವರ ಮಾತು ನಿಜ. ಕೊಟ್ಟಿಗೆಯ ಗೋಡೆಗೆ ಕಟ್ಟಿದ್ದ ನಮ್ಮ ಉಷ್ಣಮಾಪಕ ಆ ತಿಂಗಳು ಇಪ್ಪತ್ತು ಡಿಗ್ರಿಯ ಕೆಳಗೆ ಇಳಿದಿರಲಿಲ್ಲ. ದೀಪಾವಳಿ ಕಳೆದ ಮೇಲೂ ಎರಡು ಸಲ ಜೋರು ಮಳೆಯಾಗಿ ಕೊಯ್ಲು ತಡವಾಗಿತ್ತು. ಅಲ್ಲಿಯ ತನಕ ನನಗೆ ಅರ್ಥವಾಗುತ್ತಿತ್ತು. ಅರ್ಥವಾಗದೆ ಇದ್ದದ್ದು ಬೇರೆ. ಇಷ್ಟು ನುಸಿ ಇದ್ದ ಮೇಲೆ ರೋಗ ಇರಬೇಕಲ್ಲ? ಆ ರೈತರ ಕೊಟ್ಟಿಗೆಯಲ್ಲಿ ಎಮ್ಮೆ, ಹಸುಗಳ ಜೊತೆ ಹನ್ನೆರಡು ಕುರಿಗಳಿದ್ದವು. ಪ್ರತಿ ವಾರ ಬಾಯಿ ಬಿಡಿಸಿ ನೋಡುತ್ತಿದ್ದೆ. ಒಸಡು ಕೆಂಪಾಗಿರಲಿಲ್ಲ, ಮೂಗು ಸೋರುತ್ತಿರಲಿಲ್ಲ, ಜ್ವರ ಇರಲಿಲ್ಲ. ಊರಿನ ಬೇರೆ ಕುರಿಗಳೂ ಹಾಗೆಯೇ.

ವರದಿ ಕೇಳಿದ ನಮ್ಮ ಮೇಲಧಿಕಾರಿಗೆ ಫೋನಿನಲ್ಲಿ ಇದನ್ನೇ ಹೇಳಿದೆ.

"ನುಸಿ ಜಾಸ್ತಿ, ರೋಗ ಇಲ್ಲ ಅಂದ್ರೆ ನಾನು ಮೇಲಕ್ಕೆ ಏನಂತ ಕಳಿಸ್ಲಿ? ಎರಡರಲ್ಲಿ ಒಂದು ತಪ್ಪಿರ್ಬೇಕು ನೋಡಮ್ಮ," ಅಂದರು.

ಎರಡೂ ಸರಿ ಇದ್ದರೆ ಏನು ಅನ್ನುವುದು ಆಗ ನನ್ನ ತಲೆಗೂ ಹೊಳೆದಿರಲಿಲ್ಲ.

ಕೊಯ್ಲು ಮುಗಿದ ಕೂಡಲೇ ಜಗಳೂರು ಕಡೆಯ ಒಂದು ಕುರಿ ಮಂದೆ ಆ ಊರಿಗೆ ಬಂತು. ಪ್ರತಿ ವರ್ಷವೂ ಬರುತ್ತದೆ. ಒಣ ಸೀಮೆಯಲ್ಲಿ ಮೇವು ಮುಗಿದಾಗ ಕುರಿಗಾರರು ನಾಲೆಯ ಬಯಲಿಗೆ ಇಳಿಯುತ್ತಾರೆ. ಕೊಯ್ದ ಗದ್ದೆಯಲ್ಲಿ ಕುರಿಗಳು ಮೇಯುತ್ತವೆ, ರಾತ್ರಿ ಅಲ್ಲೇ ಮಂದೆಯನ್ನು ತರುಬುತ್ತಾರೆ, ಗದ್ದೆಗೆ ಗೊಬ್ಬರವಾಗುತ್ತದೆ. ನಮ್ಮ ಬಲೆಯಿದ್ದ ರೈತರ ಗದ್ದೆಯಲ್ಲೇ ಇನ್ನೂರೈವತ್ತು ಕುರಿಗಳು ನಿಂತವು. ಮಂದೆಯ ಹಿರಿಯ ಎಪ್ಪತ್ತರ ಹತ್ತಿರದ ಅಜ್ಜ. ಜೊತೆಗೆ ಅವರ ಮಗ, ಸೊಸೆ. ಮಗ ಮೇಯಿಸಲು ಹೋದರೆ ಮರಿಗಳನ್ನು, ಕುಂಟುವವನ್ನು ನೋಡಿಕೊಳ್ಳುತ್ತಿದ್ದವಳು ಸೊಸೆ. ಯಾವ ಕುರಿ ಯಾವಾಗ ಈದದ್ದು, ಯಾವುದರ ತಾಯಿ ಯಾವುದು ಎಂದು ಅವಳಿಗೆ ನೋಡದೆಯೇ ಗೊತ್ತಿತ್ತು.

ಆ ಗದ್ದೆ ಇನ್ನೂ ಒಣಗಿರಲಿಲ್ಲ. ಕೊಯ್ಲು ಯಂತ್ರ ಓಡಾಡಿದ ಚಕ್ರದ ಜಾಡುಗಳಲ್ಲಿ ನೀರು ನಿಂತಿತ್ತು. ಬೇರೆ ವರ್ಷ ಮಂದೆ ಬರುವಷ್ಟರಲ್ಲಿ ನೆಲ ಬಿರುಕು ಬಿಟ್ಟಿರುತ್ತಿತ್ತಂತೆ. ಅಜ್ಜನಿಗೆ ನುಸಿಯ ವಿಷಯ ಹೇಳಿದೆ. ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕಿ ಅಂದೆ. "ಹಾಕ್ತೀವಿ ತಾಯಿ, ದಿನಾ ಹಾಕೋದೇ," ಅಂದರು. ಅವರ ಊರಿನಲ್ಲಿ ನೀಲಿ ನಾಲಿಗೆಯ ಲಸಿಕೆ ಹಾಕಿದ ದಿನ ಈ ಮಂದೆ ಊರಿನಲ್ಲಿ ಇರಲಿಲ್ಲ ಎಂದೂ ಮಾತಿನ ನಡುವೆ ತಿಳಿಯಿತು. ಅದನ್ನು ನಾನು ಬರೆದುಕೊಂಡೆ. ಬರೆದುಕೊಂಡು ಸುಮ್ಮನಾದೆ. ಈಗಲೂ ಆ ಪುಟ ತೆರೆದಾಗ ಒಂದು ಕ್ಷಣ ಕೈ ನಿಲ್ಲುತ್ತದೆ.

ಒಂಬತ್ತನೇ ದಿನ ಸೊಸೆಯ ಫೋನು ಬಂತು. "ಅಕ್ಕಾರೆ, ನಾಲ್ಕು ಕುರಿ ಮೂತಿ ಬಾತೈತೆ. ಮೇವು ಮುಟ್ಟವಲ್ವು. ಬೇಗ ಬರ್ರಿ."

ಹೋಗಿ ನೋಡಿದರೆ ತುಟಿ, ಗದ್ದ ಊದಿ ಬಾಯಿಂದ ಜೊಲ್ಲು. ಮೂಗಿನ ಹೊಳ್ಳೆಯಲ್ಲಿ ಹಕ್ಕಳೆ. ಮೈ ಕಾದ ಹಂಚಿನಂತೆ. ಒಂದು ಕುರಿ ಬೆನ್ನು ಬಾಗಿಸಿ, ಹೆಜ್ಜೆ ಇಡಲಾರದೆ ನಿಂತಿತ್ತು. ಗೊರಸಿನ ಮೇಲಂಚಿನಲ್ಲಿ ಕೆಂಪು ಪಟ್ಟಿ. ನೀಲಿ ನಾಲಿಗೆ ಎಂದು ಮನಸ್ಸು ಹೇಳಿತು. ಆದರೆ ನಾಲಿಗೆ ಯಾವ ಕುರಿಯದೂ ನೀಲಿಯಾಗಿರಲಿಲ್ಲ. ಕಾಲುಬಾಯಿ ಜ್ವರಕ್ಕೂ ಜೊಲ್ಲು, ಕುಂಟು ಇರುತ್ತದೆ. ಕುರಿಗಳ ಇನ್ನೊಂದೆರಡು ರೋಗಗಳೂ ಬಾಯಿಯಲ್ಲೇ ಶುರುವಾಗುತ್ತವೆ. ಅದೇ ಗದ್ದೆಯ ಬದುವಿನ ಮೇಲೆ ರೈತರ ಹನ್ನೆರಡು ಕುರಿಗಳು ನೆಮ್ಮದಿಯಾಗಿ ಮೆಲುಕು ಹಾಕುತ್ತಿದ್ದವು. ಒಂದೇ ನೆಲ, ಒಂದೇ ನುಸಿ. ಇವಕ್ಕೆ ಬಂದದ್ದು ಅವಕ್ಕೆ ಯಾಕೆ ಬರಲಿಲ್ಲ?

ಕತ್ತಿನ ರಕ್ತನಾಳದಿಂದ ರಕ್ತ ತೆಗೆದೆ. ಕೊಳವೆಗಳನ್ನು ಐಸ್ ತುಂಬಿದ ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು ಬೆಂಗಳೂರಿಗೆ ಕಳಿಸಿದೆ. ವೈರಸ್ ಯಾವುದೆಂದು ಖಚಿತವಾಗಲು ವಾರವಾದರೂ ಬೇಕು. ಅಷ್ಟರಲ್ಲಿ ಮಾಡಬಹುದಾದದ್ದು ಕಡಿಮೆ. ಬಾಯಿ ತೊಳೆಯಲು ಪೊಟ್ಯಾಶ್ ನೀರು, ಹುಣ್ಣಿಗೆ ಗ್ಲಿಸರಿನ್, ಬೇರೆ ಸೋಂಕು ಸೇರದಂತೆ ಇಂಜೆಕ್ಷನ್, ನೆರಳು, ಗಂಜಿ. ಸೊಸೆ ಸೀರೆಯ ಸೆರಗು ಬಿಗಿದು ಕುರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಂಜಿಯನ್ನು ಬೆರಳಿನಲ್ಲಿ ಒಸಡಿಗೆ ಸವರುತ್ತಿದ್ದಳು.

ಮೂರನೇ ದಿನಕ್ಕೆ ನಾಲ್ಕು ಇದ್ದದ್ದು ಹದಿನೆಂಟು ಆಯಿತು. ಎರಡು ಸತ್ತವು.

ಅಜ್ಜ ನನ್ನನ್ನು ಬದಿಗೆ ಕರೆದರು. "ಡಾಕ್ಟ್ರಮ್ಮ, ನೀವು ಆರು ತಿಂಗಳಿಂದ ಎಲ್ಲೆಲ್ಲಿ ಎಷ್ಟು ನುಸಿ ಅದಾವೆ ಅಂತ ಎಣಿಸ್ತಿದೀರಂತೆ. ನುಸಿ ಇಲ್ಲದ ಜಾಗ ಒಂದು ಹೇಳ್ರಿ. ನಾವು ಅಲ್ಲಿಗೆ ಹೋಗ್ತೀವಿ."

ಉತ್ತರ ನನ್ನ ಪುಸ್ತಕದಲ್ಲೇ ಇತ್ತು. ಹರಿಹರದ ಆಚೆಯ ಬೀಳಿನಲ್ಲಿ ಹಿಂದಿನ ನಾಲ್ಕು ವಾರದ ಎಣಿಕೆ: ಹದಿನಾರು, ಒಂಬತ್ತು, ಹನ್ನೊಂದು, ಏಳು. ಒಣ ನೆಲ, ಗದ್ದೆ ಇಲ್ಲ. ಮೇವಿಗೆ ಕುರುಚಲು, ಹತ್ತಿರದಲ್ಲಿ ದನಗಳಿಗೆ ಕಟ್ಟಿಸಿದ ನೀರಿನ ತೊಟ್ಟಿ. ಇದಕ್ಕಿಂತ ಒಳ್ಳೆಯ ಜಾಗ ಯಾವುದು? ನನ್ನ ಕೆಲಸಕ್ಕೆ ಒಂದು ಅರ್ಥ ಬಂದಂತೆ ಅನ್ನಿಸಿ ತಡಮಾಡದೆ ಹೇಳಿದೆ. ನಡೆಯಲಾರದ ಕುರಿಗಳನ್ನು ಟೆಂಪೋದಲ್ಲಿ ಸಾಗಿಸಿದರು, ಮಿಕ್ಕವು ಎರಡು ದಿನ ಮೇಯುತ್ತ ನಡೆದು ಹರಿಹರ ದಾಟಿದವು.

ಮೊದಲ ವಾರ ಅಲ್ಲೂ ಹೊಸದಾಗಿ ಕುರಿಗಳು ಕಾಯಿಲೆ ಬಿದ್ದವು. ಅದನ್ನು ನಾನು ಮೊದಲೇ ಊಹಿಸಿದ್ದೆ. ಗದ್ದೆಯಲ್ಲಿದ್ದಾಗಲೇ ಕಚ್ಚಿಸಿಕೊಂಡ ಕುರಿಗೆ ರೋಗ ಕಾಣಿಸಲು ವಾರ ಬೇಕು. ಆಮೇಲೆ ನಿಲ್ಲುತ್ತದೆ ಎಂದು ಅಜ್ಜನಿಗೆ ಧೈರ್ಯ ಹೇಳಿದೆ. ಬಲೆಯಲ್ಲಿ ಆ ವಾರ ಬಿದ್ದದ್ದು ಎಂಟೇ ನುಸಿ.

ನಿಲ್ಲಲಿಲ್ಲ. ಎರಡನೇ ವಾರದ ಕೊನೆಗೂ ದಿನಕ್ಕೆ ನಾಲ್ಕು ಐದು ಹೊಸ ಕುರಿಗಳ ಮೂತಿ ಊದುತ್ತಿತ್ತು. ಗಬ್ಬದ ಕುರಿಗಳು ದಿನ ತುಂಬುವ ಮೊದಲೇ ಕಂದು ಹಾಕತೊಡಗಿದವು. ಹೊಸದಾಗಿ ಬಿದ್ದ ಕುರಿಗಳನ್ನು ಕಚ್ಚಿದ್ದು ಇಲ್ಲಿಯೇ, ನಾನು ಆರಿಸಿಕೊಟ್ಟ ಜಾಗದಲ್ಲೇ ಎಂದು ದಿನ ಎಣಿಸಿದರೆ ಯಾರಿಗಾದರೂ ತಿಳಿಯುತ್ತಿತ್ತು. ನುಸಿ ಇದ್ದಲ್ಲಿ ರೋಗವಿಲ್ಲ, ಇಲ್ಲದಲ್ಲಿ ರೋಗ ಬಿಡುತ್ತಿಲ್ಲ. ಪುಸ್ತಕದ ಎರಡು ಸಾಲುಗಳನ್ನು ಎಷ್ಟು ಸಲ ತಿರುವಿ ನೋಡಿದರೂ ಒಂದಕ್ಕೊಂದು ಕೂಡುತ್ತಿರಲಿಲ್ಲ. ಮನೆಯಲ್ಲಿ ಅನ್ನದ ತಟ್ಟೆಯ ಮುಂದೆ ಕೂತರೂ ತಲೆಯಲ್ಲಿ ಅದೇ. ಬಹುಶಃ ನುಸಿಯೇ ಕಾರಣವಲ್ಲವೇನೋ, ನಾನು ಓದಿದ್ದೇ ತಪ್ಪೇನೋ ಎಂಬಷ್ಟು ದೂರ ಯೋಚನೆ ಹೋಗಿತ್ತು.

ಒಂದು ಬೆಳಗ್ಗೆ ಡಬ್ಬಿ ಬಿಚ್ಚಿ ನೋಡುತ್ತಿದ್ದಾಗ ಅಜ್ಜ ಬಂದು ಪಕ್ಕದಲ್ಲಿ ನಿಂತರು. ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಹಗುರವಾಗುತ್ತಿತ್ತು.

"ನೀವು ಹೇಳಿದ್ರಿ ಅಂತ ಬಂದ್ವಿ ತಾಯಿ. ಇಲ್ಲೂ ಹಂಗೇ ಐತೆ."

"ಇಲ್ಲಿ ನುಸಿ ಇಲ್ಲ ಅಜ್ಜಾ. ನೋಡಿ, ಆರೇ ಆರು," ಎಂದು ಡಬ್ಬಿ ತೋರಿಸಿದೆ.

ಹಿಂದಿದ್ದ ಸೊಸೆ ತನ್ನ ತೋಳನ್ನು ನನ್ನ ಮುಂದೆ ಚಾಚಿದಳು. ಮೊಣಕೈಯಿಂದ ಕೆಳಗೆ ಸಾಸಿವೆಯಷ್ಟು ಸಾಸಿವೆಯಷ್ಟು ಕೆಂಪು ಗಂಧೆ.

"ಹೊತ್ತು ಮುಳುಗೋ ಹೊತ್ತಿಗೆ ಮೈಗೆಲ್ಲ ಕಚ್ತಾವ್ರಿ ಅಕ್ಕಾರೆ. ಕುರಿ ಕಿವಿ ತುಂಬ ಕುಂತಿರ್ತಾವೆ. ನಿಮ್ಮ ಡಬ್ಬಿಗೆ ಯಾಕೆ ಬೀಳಂಗಿಲ್ಲೋ ನಮಗೇನು ಗೊತ್ತು?"

"ನೀವು ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ?"

"ನೀವು ಕೇಳಿದ್ದು ಕುರಿಗೆ ಜ್ವರ ಎಷ್ಟು ಅಂತ. ನುಸಿ ನೀವೇ ಎಣಿಸ್ತಿದ್ರಲ್ಲ."

ಅಂದು ಸಂಜೆ ಬಲೆ ಕಟ್ಟಿ ವಾಪಸ್ಸಾಗಲಿಲ್ಲ. ಸೂರ್ಯ ಮುಳುಗಲು ಒಂದು ಗಂಟೆ ಇರುವಾಗ ನಾನೂ ಅಸಿಸ್ಟೆಂಟರೂ ಮಂದೆಯ ನಡುವೆ ಕೂತೆವು. ಕೈಯಲ್ಲಿ ಹುಳು ಹೀರುವ ಗಾಜಿನ ಕೊಳವೆ. ಅದರ ಒಂದು ತುದಿ ಕುರಿಯ ಮೈಗೆ, ಇನ್ನೊಂದು ತುದಿಯ ರಬ್ಬರ್ ನಳಿಕೆ ನಮ್ಮ ಬಾಯಿಗೆ. ಉಸಿರೆಳೆದರೆ ನುಸಿ ಕೊಳವೆಯೊಳಗೆ. ಬಾಯಿಗೆ ಬರದಂತೆ ನಡುವೆ ಜಾಲರಿ. ಸೊಸೆ ಒಂದು ಕುರಿಯನ್ನು ಹಿಡಿದು ಕಿವಿ ಮಡಿಸಿ ತೋರಿಸಿದಳು. ಬಿಸಿಲು ಇನ್ನೂ ಪೂರ್ತಿ ಇಳಿದಿರಲಿಲ್ಲ. ಕಿವಿಯ ಒಳಗೆ, ಹೊಟ್ಟೆಯ ಕೂದಲಿಲ್ಲದ ಕಡೆ, ಎಳ್ಳು ಚೆಲ್ಲಿದಂತೆ ಕೂತಿದ್ದವು. ಹೀರುತ್ತ ಹೋದೆ. ಹತ್ತು ಕುರಿಗಳ ಮೈಯಿಂದ ಅರ್ಧ ಗಂಟೆಯಲ್ಲಿ ನೂರಕ್ಕೂ ಮೇಲೆ. ಹತ್ತು ಹೆಜ್ಜೆ ಆಚೆ ನಮ್ಮ ಬಲೆಯ ನೇರಳೆ ದೀಪ ತನ್ನ ಪಾಡಿಗೆ ಉರಿಯುತ್ತಿತ್ತು.

ಕತ್ತಲು ಕವಿಯುತ್ತಿದ್ದಂತೆ ರಸ್ತೆ ಕೂಡುವ ಕಡೆ ಎತ್ತರದ ಕಂಬದ ಮೇಲೆ ದೊಡ್ಡ ದೀಪಗಳು ಹೊತ್ತಿಕೊಂಡವು. ಬೀಳು ಭೂಮಿಯೆಲ್ಲ ಹಾಲು ಚೆಲ್ಲಿದಂತೆ ಬೆಳಗಿತು. ನಮ್ಮ ಬಲೆಯ ದೀಪ ಕಾಣಿಸದಾಯಿತು.

ಅಸಿಸ್ಟೆಂಟರು ಕಂಬವನ್ನೇ ನೋಡುತ್ತ ನಿಂತರು. "ಮೇಡಂ, ಇದು ಯಾವಾಗ ಹಾಕಿದ್ದು? ಮಳೆಗಾಲದಾಗೆ ಇರ್ಲಿಲ್ಲಲ್ರಿ."

ಕಂಬದ ಹತ್ತಿರ ಚಹಾ ಅಂಗಡಿಯವರನ್ನು ಕೇಳಿದೆವು. ಒಂದು ತಿಂಗಳ ಮೇಲಾಯಿತು ಅಂದರು. ಪುಸ್ತಕ ತೆಗೆದು ನೋಡಿದೆ. ನವೆಂಬರಿನಲ್ಲಿ ನೂರಿಪ್ಪತ್ತು, ನೂರ ಹತ್ತು ಎಂದು ಇದ್ದ ಎಣಿಕೆ ಒಂದೇ ವಾರದಲ್ಲಿ ಹದಿನಾರಕ್ಕೆ ಇಳಿದಿತ್ತು. ಪಕ್ಕದಲ್ಲಿ ನನ್ನದೇ ಅಕ್ಷರ: 'ನೆಲ ಒಣಗಿದ್ದರಿಂದ ಇಳಿಕೆ.' ನುಸಿ ಕಡಿಮೆಯಾಗಿರಲೇ ಇಲ್ಲ. ಅಷ್ಟು ದೊಡ್ಡ ಬೆಳಕಿನ ಮುಂದೆ ನಮ್ಮ ಸಣ್ಣ ದೀಪಕ್ಕೆ ಬರುವುದು ಮಾತ್ರ ನಿಂತಿತ್ತು. ಪ್ರತಿ ಸಲ ಬೆಳಕಿರುವಾಗಲೇ ಬಲೆ ಕಟ್ಟಿ, ಬೆಳಕಾದ ಮೇಲೆ ಬಿಚ್ಚಿದ ನಾವು ಆ ಕಂಬವನ್ನು ಉರಿಯುತ್ತಿರುವಾಗ ಒಮ್ಮೆಯೂ ನೋಡಿರಲಿಲ್ಲ.

ಆ ನುಸಿ ಎಲ್ಲಿ ಹುಟ್ಟುತ್ತಿತ್ತು ಎಂಬುದೂ ಮರುದಿನ ಗೊತ್ತಾಯಿತು. ದನದ ತೊಟ್ಟಿ ದಿನವಿಡೀ ತುಂಬಿ ಹರಿಯುತ್ತಿತ್ತು. ಸುತ್ತ ಗೊರಸು ತುಳಿದು, ಸಗಣಿ ಬೆರೆತು ಕೆಸರಾಗಿತ್ತು. ಅಲ್ಲಿಂದ ಒಂದು ಡಬ್ಬಿ ಮಣ್ಣು ತಂದು ಬಲೆಬಟ್ಟೆ ಕಟ್ಟಿ ಲ್ಯಾಬಿನಲ್ಲಿಟ್ಟೆ. ಕೆಲ ದಿನಗಳಲ್ಲೇ ನುಸಿಗಳು ಎದ್ದವು. ಒಣ ನೆಲ ಎಂದು ನಾನು ನಂಬಿದ್ದ ಜಾಗದಲ್ಲಿ ಅವಕ್ಕೆ ಒಂದು ಕೋಣೆಯಷ್ಟು ಹಸಿ ಸಾಕಾಗಿತ್ತು. ಮಿಕ್ಕದ್ದನ್ನು ಬೆಚ್ಚಗಿನ ಇರುಳುಗಳು ನೋಡಿಕೊಂಡಿದ್ದವು. ವೈರಸ್ಸು ನುಸಿಯ ಮೈಯೊಳಗೆ ಬಲಿತು ಇನ್ನೊಂದು ಪ್ರಾಣಿಗೆ ದಾಟುವಂತಾಗಲು ಚಳಿಯಲ್ಲಿ ಬಹಳ ದಿನ ಬೇಕು. ಅಷ್ಟರಲ್ಲಿ ಬಹುಪಾಲು ನುಸಿಗಳು ಸತ್ತಿರುತ್ತವೆ. ಬೆಚ್ಚಗಿದ್ದಷ್ಟೂ ಅದು ಬೇಗ. ಕೊಳವೆಯಲ್ಲಿ ಹಿಡಿದವುಗಳ ಹೊಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅರ್ಧಕ್ಕಿಂತ ಹೆಚ್ಚಿನವಕ್ಕೆ ದ್ರಾಕ್ಷಿ ಬಣ್ಣ ಬಂದಿತ್ತು. ಅಂದರೆ ಒಮ್ಮೆ ರಕ್ತ ಕುಡಿದು ಮೊಟ್ಟೆಯಿಟ್ಟು ಎರಡನೇ ಸಲ ಕಚ್ಚಲು ಬಂದ, ವಯಸ್ಸಾದ ನುಸಿಗಳು. ಅಪಾಯ ಅವುಗಳದ್ದೇ.

ಬೆಂಗಳೂರಿನಿಂದ ಫಲಿತಾಂಶ ಬಂತು. ನೀಲಿ ನಾಲಿಗೆಯ ವೈರಸ್ಸೇ. ಅದರ ಜೊತೆ ನಾನು ಮಲೆಬೆನ್ನೂರಿನ ಕಡೆಯ ಆ ಹನ್ನೆರಡು ಕುರಿಗಳ ರಕ್ತವನ್ನೂ ಪರೀಕ್ಷೆ ಮಾಡಿಸಿದ್ದೆ. ಹನ್ನೊಂದರಲ್ಲಿ ಈ ರೋಗವನ್ನು ತಡೆಯುವ ಪ್ರತಿಕಾಯಗಳು ಸಿಕ್ಕವು. ವರ್ಷ ವರ್ಷ ನುಸಿ ಕಚ್ಚಿಸಿಕೊಂಡೇ ಬೆಳೆದ ಕುರಿಗಳು ಅವು. ವೈರಸ್ಸು ಬಹುಶಃ ಅಲ್ಲಿನ ಎಮ್ಮೆ ಹಸುಗಳಲ್ಲಿ ಯಾವ ಲಕ್ಷಣವನ್ನೂ ತೋರಿಸದೆ ಓಡಾಡುತ್ತಲೇ ಇತ್ತು. ಪ್ರತಿ ವರ್ಷ ನುಸಿ ಇಳಿದ ಮೇಲೆಯೇ ಬರುತ್ತಿದ್ದುದರಿಂದ ಅದನ್ನು ಎಂದೂ ಕಾಣದ ಒಣ ಸೀಮೆಯ ಕುರಿಗಳು, ಚಳಿ ಬರಬೇಕಾದ ಹೊತ್ತಿಗೆ ಚಳಿ ಬಾರದ ವರ್ಷ, ನೇರ ಅದರ ನಡುವೆ ಬಂದು ನಿಂತಿದ್ದವು. ಮಲೆಬೆನ್ನೂರಿನ ಮಟ್ಟಿಗೆ ನುಸಿ ಜಾಸ್ತಿ ಎಂಬುದೂ ರೋಗ ಇಲ್ಲ ಎಂಬುದೂ ಎರಡೂ ಸರಿಯೇ ಇದ್ದವು.

ಇಷ್ಟು ತಿಳಿದ ಮೇಲೂ ಮುಂದೇನು ಎಂಬುದು ತಿಳಿಯಲಿಲ್ಲ. ಅಜ್ಜ ಹೊರಡಲು ಗಂಟು ಕಟ್ಟಿದ್ದರು. ಹರಿಹರದ ಹೊಳೆಯ ಆಚೆ ಅವರ ಬಳಗದವರ ಮೂರು ಮಂದೆಗಳಿದ್ದವು, ಅಲ್ಲಿಗೆ ಸೇರಿಕೊಳ್ಳುವುದು ಅವರ ಯೋಚನೆ. ಹೋದರೆ ರಕ್ತದಲ್ಲಿ ವೈರಸ್ ಹೊತ್ತ ಕುರಿಗಳು ಇನ್ನೂ ಏನೂ ಆಗದ ಸಾವಿರ ಕುರಿಗಳ ನಡುವೆ ನಿಲ್ಲುತ್ತವೆ. ಹೋಗಬೇಡಿ ಅನ್ನಬೇಕಿತ್ತು. ಆದರೆ ಇಲ್ಲಿಗೆ ಬನ್ನಿ ಅಂದದ್ದೂ ನಾನೇ ಅಲ್ಲವೇ?

ಮೇಲಧಿಕಾರಿಯನ್ನು ಕೇಳಿದೆ. "ಅವರನ್ನ ತಡೆಯೋಕೆ ನಮ್ಮ ಕೈಲಿ ಕಾಗದ ಬೇಕು. ಅದು ಬರೋದ್ರೊಳಗೆ ಅವರು ಹೊಳೆ ದಾಟಿರ್ತಾರೆ. ನಿನಗೆ ಏನು ಸರಿ ಅನ್ಸುತ್ತೋ ಮಾತಾಡಿ ನೋಡು," ಅಂದರು.

ದಾರಿ ತೋರಿಸಿದ್ದು ಅಸಿಸ್ಟೆಂಟರು. ದಾವಣಗೆರೆಗೆ ಬರುವ ದಾರಿಯಲ್ಲಿ, ಆ ಬೀಳಿನಿಂದ ಒಂದು ಮೈಲಿಯೊಳಗೆ, ಅವರ ಪರಿಚಯದವರ ಮಂಡಕ್ಕಿ ಭಟ್ಟಿ ಕೆಲವು ವರ್ಷಗಳಿಂದ ಮುಚ್ಚಿತ್ತು. ಮಸಿ ಹಿಡಿದ ನಾಲ್ಕು ಗೋಡೆ, ತಗಡಿನ ಮಾಡು, ಉದ್ದನೆಯ ಎರಡು ಅಂಕಣ. ಸುತ್ತ ನೀರು ನಿಲ್ಲುವ ಜಾಗ ಇರಲಿಲ್ಲ, ದೀಪದ ಕಂಬವೂ ಇರಲಿಲ್ಲ. ಈ ಜಾತಿಯ ನುಸಿಗಳು ಗೋಡೆಯೊಳಗೆ ನುಗ್ಗಲು ಅಷ್ಟು ಇಷ್ಟಪಡುವುದಿಲ್ಲ ಎಂದು ನಾನು ಓದಿದ್ದೆ. ಸೂರ್ಯ ಮುಳುಗುವ ಒಂದು ಗಂಟೆ ಮೊದಲೇ ಕುರಿಗಳನ್ನು ಒಳಗೆ ಕೂಡಿ, ಬಿಸಿಲೇರಿದ ಮೇಲೆ ಬಿಡುವುದು; ಕಿಟಕಿ ಬಾಗಿಲಿಗೆ ನರ್ಸರಿಯವರು ಬಳಸುವ ಹಸಿರು ಪರದೆಯನ್ನು ಎರಡು ಪದರ ಕಟ್ಟುವುದು. ಕಡಿಮೆಯೆಂದರೆ ಮೂರು ವಾರ ಅಲ್ಲೇ ಇರುವುದು.

ಅಜ್ಜ ಒಂದೇ ಮಾತಿಗೆ ಬ್ಯಾಡ ಅಂದರು. "ಕುರಿಗೆ ಗೋಡೆ ಆಗಂಗಿಲ್ಲ ತಾಯಿ. ಉಸಿರು ಕಟ್ಟಿ ಸಾಯ್ತಾವೆ. ನಮ್ಮಪ್ಪನ ಕಾಲದಿಂದ ಬಯಲಾಗೇ ಬೆಳೆದಾವೆ. ನುಸಿ ತಪ್ಪಿಸಾಕೆ ಹೋಗಿ ಸೆಕೆಗೆ ಕೊಲ್ಲಾದು ಯಾವ ನ್ಯಾಯ?"

ಅವರು ಹೇಳಿದ್ದು ತಪ್ಪಲ್ಲ. ಜ್ವರ ಬಂದ ಕುರಿಗಳು ಒತ್ತಾಗಿ ನಿಂತರೆ ಸಾಯಬಹುದಿತ್ತು. ನನ್ನ ಹತ್ತಿರ ಇದನ್ನು ಅಲ್ಲಗಳೆಯುವ ಯಾವ ಎಣಿಕೆಯೂ ಇರಲಿಲ್ಲ.

"ನೀವು ಖಾತ್ರಿ ಕೊಡ್ತೀರೇನು?" ಎಂದು ನೇರವಾಗಿ ಕೇಳಿದರು.

"ಇಲ್ಲ ಅಜ್ಜಾ. ಹೋದ ಸಲ ಖಾತ್ರಿ ಅಂತ ಹೇಳಿ ತಪ್ಪು ಮಾಡಿದೆ. ಈ ಬೀಳಿನಲ್ಲಿ ನುಸಿ ಇಲ್ಲ ಅಂದದ್ದು ನನ್ನ ತಪ್ಪು. ಬಲೆ ಸುಳ್ಳು ಹೇಳ್ತಿತ್ತು, ನಾನು ನಂಬಿದೆ. ಈ ಭಟ್ಟಿ ಕೆಲಸ ಮಾಡುತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ನೀವು ಹೊಳೆ ದಾಟಿದ್ರೆ ಆ ಮೂರು ಮಂದೆಗೂ ಇದು ಹಿಡಿಯುತ್ತೆ ಅನ್ನೋದು ಮಾತ್ರ ಗೊತ್ತು."

ಸೊಸೆ ಮಾವನ ಕಡೆ ತಿರುಗಿದಳು.

"ಮಾವಾರೆ, ಅಲ್ಲಿ ನನ್ನ ತಮ್ಮನ ಮಂದೆನೂ ಐತೆ. ನಾವು ಹೊತ್ಕೊಂಡು ಹೋಗಿ ಕೊಟ್ಟಂಗಾಗ್ತದೆ. ಎರಡು ದಿನ ಒಳಗೆ ಬಿಟ್ಟು ನೋಡೋಣ. ಸೆಕೆ ಆದ್ರೆ ನಾನೇ ಬಾಗಿಲು ತೆಗೀತೀನಿ."

ಅಜ್ಜ ಗಂಟನ್ನು ಬಿಚ್ಚಲಿಲ್ಲ. ಆದರೆ ಹೆಗಲಿನಿಂದ ಇಳಿಸಿದರು.

ಎರಡು ದಿನ ನಾವೆಲ್ಲ ಭಟ್ಟಿ ಗುಡಿಸಿದೆವು. ಬೂದಿ ತೆಗೆದು, ಮಾಡಿನ ಹತ್ತಿರ ಗಾಳಿಗೆಂದು ಎರಡು ತಗಡು ಸರಿಸಿ ಅಲ್ಲೂ ಪರದೆ ಹೊಡೆದೆವು. ಕುರಿಗಳನ್ನು ಎರಡು ಪಾಲು ಮಾಡಿ ಎರಡೂ ಅಂಕಣಕ್ಕೆ ಸಡಿಲವಾಗಿ ಬಿಟ್ಟೆವು. ಬೀಳಿನ ತೊಟ್ಟಿಯ ನಲ್ಲಿಗೆ ಊರಿನವರು ತಿರುಪು ಹಾಕಿಸಿದರು, ಕೆಸರಿನ ಮೇಲೆ ಅಸಿಸ್ಟೆಂಟರು ಒಂದು ಟ್ರ್ಯಾಕ್ಟರ್ ಕಲ್ಲುಪುಡಿ ಸುರಿಸಿದರು. ಮೊದಲ ಸಂಜೆ ಕುರಿಗಳು ಬಾಗಿಲಲ್ಲಿ ಹಿಂದೇಟು ಹಾಕಿ ಅರಚಿದವು. ಸೊಸೆ ಮುಂದೆ ನಡೆದು ಒಂದು ಹಳೆಯ ಕುರಿಯನ್ನು ಕೊಂಬು ಹಿಡಿದು ಒಳಗೆ ಎಳೆದಳು. ಅದರ ಹಿಂದೆ ಮಿಕ್ಕವು ನುಗ್ಗಿದವು. ಮರುದಿನ ಬೆಳಗ್ಗೆ ನಾನು ಸ್ಕೂಟರ್ ನಿಲ್ಲಿಸಿ ನೇರ ಒಳಗೆ ಹೋಗಿ ಎರಡೂ ಅಂಕಣ ನೋಡಿದೆ. ಯಾವುದೂ ಉಸಿರು ಕಟ್ಟಿ ಸತ್ತಿರಲಿಲ್ಲ.

ದಿನಾ ಸಂಜೆ ಒಳಗೆ ಐದು ಕುರಿ, ಹೊರಗೆ ಕಟ್ಟಿದ ಒಂದು ಆರೋಗ್ಯದ ಹಸುವಿನ ಮೈಯಿಂದ ನುಸಿ ಹಿಡಿದು ಎಣಿಸಿದೆವು. ಮೊದಲ ಮೂರು ದಿನ ಒಳಗೆ ಎರಡು, ಮೂರು. ಹೊರಗೆ ಇಪ್ಪತ್ತು ಮೂವತ್ತು. ಮೊದಲ ವಾರ ಹೊಸ ಕುರಿಗಳು ಬೀಳುತ್ತಲೇ ಇದ್ದವು. ಅಜ್ಜ ನನ್ನ ಮುಖ ನೋಡುವುದನ್ನೇ ಬಿಟ್ಟಿದ್ದರು. ಎಂಟನೇ ದಿನ ಒಂದು. ಒಂಬತ್ತನೇ ದಿನ ಯಾವುದೂ ಇಲ್ಲ. ಹತ್ತನೇ ದಿನ ಎರಡು. ಆಮೇಲೆ ನಿಂತಿತು.

ನಾನು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಹೊಳೆಯಿತು. ಭಟ್ಟಿಗೆ ಸೇರಿಸಿದ ನಾಲ್ಕನೇ ದಿನದಿಂದಲೇ ಚಳಿ ಬಿದ್ದಿತ್ತು. ಸಂಕ್ರಾಂತಿ ಕಳೆದ ಮೇಲೆ, ವರ್ಷವೆಲ್ಲ ಬರದೆ ಇದ್ದದ್ದು ಒಮ್ಮೆಗೇ ಬಂತು. ಉಷ್ಣಮಾಪಕ ಹದಿಮೂರಕ್ಕೆ ಇಳಿಯಿತು. ಹೊರಗಿನ ಹಸುವಿನ ಮೇಲೂ ನುಸಿ ಐದಕ್ಕೆ, ಮೂರಕ್ಕೆ ಬಂತು. ಹಾಗಾದರೆ ರೋಗ ನಿಲ್ಲಿಸಿದ್ದು ಭಟ್ಟಿಯ ಗೋಡೆಯೋ, ಚಳಿಯೋ? ಬಯಲಿನಲ್ಲೇ ಬಿಟ್ಟಿದ್ದರೂ ನಿಲ್ಲುತ್ತಿತ್ತೋ? ಹೋಲಿಸಿ ನೋಡಲು ಇನ್ನೊಂದು ಮಂದೆಯನ್ನು ಹೊರಗೆ ಸಾಯಲು ಬಿಟ್ಟಿರಲಿಲ್ಲವಲ್ಲ.

ಮೇಲಧಿಕಾರಿ ವರದಿ ಓದಿ ಕರೆದರು. "ಭಟ್ಟಿಯಲ್ಲಿ ಇಟ್ಟಿದ್ದರಿಂದ ಹತೋಟಿಗೆ ಬಂತು ಅಂತ ಬರೆದ್ರೆ ಬೇರೆ ತಾಲ್ಲೂಕಿನವರಿಗೂ ಕಳಿಸಬಹುದಲ್ಲಮ್ಮ. ನೀನು 'ಹೇಳಲಾಗದು' ಅಂತ ಬರೆದಿದೀಯ."

"ಹೇಳೋಕಾಗಲ್ಲ ಸರ್," ಅಂದೆ. ದೀಪದ ಕಂಬ ಬಂದ ಮೇಲಿನ ಬೀಳಿನ ಬಲೆಯ ಎಣಿಕೆಯನ್ನೆಲ್ಲ ಕೆಂಪು ಶಾಯಿಯಲ್ಲಿ ಹೊಡೆದು, ಕಾರಣ ಬರೆದು, ಸಹಿ ಮಾಡಿದ್ದನ್ನೂ ತೋರಿಸಿದೆ. ಅವರು ಬಹಳ ಹೊತ್ತು ಆ ಪುಟ ನೋಡಿ, ಹಾಗೇ ಇರಲಿ ಎಂದು ಕಳಿಸಿಕೊಟ್ಟರು.

ಮೂವತ್ತೊಂದು ಕುರಿಗಳು ಸತ್ತಿದ್ದವು. ಅವುಗಳಲ್ಲಿ ಎಷ್ಟು ಬೀಳಿನಲ್ಲಿ ಕಚ್ಚಿಸಿಕೊಂಡವು ಎಂದು ನಾನು ಒಮ್ಮೆ ದಿನ ಹಿಡಿದು ಎಣಿಸಲು ಕೂತು, ಹತ್ತಾಗುತ್ತಲೇ ಪುಸ್ತಕ ಮುಚ್ಚಿದೆ. ಹೊಳೆಯಾಚೆಯ ಮೂರು ಮಂದೆಗಳಿಗೆ ಆ ವರ್ಷ ರೋಗ ಬರಲಿಲ್ಲ. ಫೆಬ್ರವರಿಯಲ್ಲಿ ಅಜ್ಜನ ಮಂದೆ ಜಗಳೂರಿನ ದಾರಿ ಹಿಡಿಯಿತು. ಹೋಗುವಾಗ ಸೊಸೆ ನನ್ನ ನಂಬರು ಇನ್ನೊಮ್ಮೆ ಕೇಳಿ ಫೋನಿನಲ್ಲಿ ಸರಿಯಾಗಿ ಕೂಡಿಸಿಕೊಂಡಳು. ಮುಂಗಾರಿಗೆ ಮೊದಲೇ ಅವರ ಊರಿಗೆ ಲಸಿಕೆ ತಂಡ ಹೋದಾಗ ನಾನೂ ಹೋಗಿದ್ದೆ. ಮಂದೆಗೆಲ್ಲ ಸೂಜಿ ಬಿತ್ತು. ಆಮೇಲೆ ಹುಟ್ಟಿದ ಮರಿಗಳಿಗೆ ಇರಲಿಲ್ಲ.

ಮುಂದಿನ ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ಫೋನು ಬಂತು. ಅಜ್ಜ.

"ಡಾಕ್ಟ್ರಮ್ಮ, ಕೊಯ್ಲಾಗೈತಂತೆ ಅಲ್ಲಿ. ಬರ್ಬೋದೋ ಬ್ಯಾಡ್ವೋ?"

"ನಾಳೆ ಹೇಳ್ತೀನಿ ಅಜ್ಜಾ."

ಅಂದು ಸಂಜೆ ಮಲೆಬೆನ್ನೂರಿನ ಬಸ್ಸು ಹಿಡಿದೆ. ರೈತರ ಕೊಟ್ಟಿಗೆಯಲ್ಲಿ ಒಂದು ಗಂಟೆ ಕೂತು ಕುರಿ, ಎಮ್ಮೆಗಳ ಕಿವಿಯಿಂದ ಕೊಳವೆಯಲ್ಲಿ ಹೀರಿದೆ. ಐವತ್ತೆರಡು. ಹಿಂದಿನ ವರ್ಷದಷ್ಟಿಲ್ಲ, ಇಲ್ಲವೆನ್ನುವಷ್ಟೂ ಅಲ್ಲ. ಗದ್ದೆಯ ನೆಲ ಮೇಲೆ ಒಣಗಿತ್ತು, ಕೋಲು ಚುಚ್ಚಿದರೆ ಕೆಳಗೆ ಹಸಿ ಇತ್ತು. ಐವತ್ತೆರಡು ಅಂದರೆ ಬರಬಹುದು ಎಂದೋ ಬರಬಾರದು ಎಂದೋ ಎಲ್ಲೂ ಬರೆದಿಲ್ಲ.

ಮರುದಿನ ಕಂಡದ್ದನ್ನು ಕಂಡಹಾಗೆ ಅವರಿಗೆ ಹೇಳಿದೆ. ಎಣಿಕೆ ಹೇಳಿದೆ, ನೆಲ ಹೇಳಿದೆ, ಮರಿಗಳಿಗೆ ಲಸಿಕೆ ಆಗಿಲ್ಲ ಎಂದೂ ಹೇಳಿದೆ. "ನನ್ನ ಕೇಳಿದ್ರೆ ಹದಿನೈದು ದಿನ ತಡೀರಿ. ಆದ್ರೆ ಖಚಿತ ಇಲ್ಲ ಅಜ್ಜಾ."

ಆ ಕಡೆ ಕುರಿಗಳ ಸದ್ದು ಕೇಳಿಸುತ್ತಿತ್ತು. ಅಜ್ಜ ಯಾರಿಗೋ ಏನೋ ಅಂದರು. ಸೊಸೆಯ ದನಿ ಕೇಳಿ, ಮತ್ತೆ ಫೋನಿಗೆ ಬಂದರು.

"ಇಲ್ಲಿ ಹದಿನೈದು ದಿನಕ್ಕಾಗೋ ಮೇವಿಲ್ಲ ತಾಯಿ. ಎಂಟು ದಿನಕ್ಕೈತೆ. ಎಂಟು ದಿನ ತಡೀತೀವಿ. ಆಮೇಲೆ ಇನ್ನೊಂದ್ಸಲ ಹೋಗಿ ನೋಡಿ ಹೇಳ್ರಿ."